ಹತ್ತೊಂಬತ್ತು ಒಂದು

ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆ. ಬೆಳಿಗ್ಗೆ ಹತ್ತೂವರೆ.
ಕರೆಂಟು ಹೋಗಿ ಬಂದಿದ್ದೇ ತಡ
ನನ್ನ ಕಂಪ್ಯೂಟರ್ ತಕ್ಕಡಿಗೆ ತೊದಲು ಹಿಡಿಯಿತು.
ಚೀಟಿಯ ಮೇಲೆ ಒಂದು, ಒಂದು, ಒಂದು, ಒಂದು,
ಕಾಗದದ ಅಂಚು ಮುಟ್ಟುವವರೆಗೂ ಒಂದು.
ದಿಬ್ಬೂರಹಳ್ಳಿ ಬೈಚಪ್ಪನ ಲಾಟು. ಬೆರಳಿಟ್ಟು ಎಣಿಸಿದ: ಹತ್ತೊಂಬತ್ತು.
"ಇಷ್ಟು ಕಿಲೋಗೆ ದುಡ್ಡು ಕೊಡ್ಸಿ ಸಾರ್,
ನಾಳೆಯಿಂದ ನನ್ನ ಸೊಪ್ಪು ನೀವೇ ಕುಯ್ಯೀರಂತೆ."
ಎಲ್ಲ ನಕ್ಕರು. ರೀಲರ್ ಶಮೀಮ್‌ಬಿ ನಗಲಿಲ್ಲ.
"ಅಷ್ಟೂ ನಾನೇ ಹಿಡಿದ್ರೆ
ನಮ್ಮ ಮೂರು ಮನೆಗೆ ಸಮ ಬರ್ತದಾ ನೋಡಿ."

ಬರಲಿಲ್ಲ. ಒಂದು ಮಿಕ್ಕಿತು.
ಶುರುವಾದದ್ದು ಹೀಗೆ.
ಏಳಕ್ಕೆ ಹಂಚಿದೆ, ಒಂದು.
ಹನ್ನೊಂದಕ್ಕೆ, ಹದಿಮೂರಕ್ಕೆ, ಮತ್ತದೇ ಒಂದು.
ಹದಿನೇಳು ಮಾತ್ರ ಯಾಕೋ ಒಂಬತ್ತು ಉಳಿಸಿತು.
ಹತ್ತೊಂಬತ್ತಕ್ಕೆ ಬಂದರೆ ಪುನಃ ಹಳೇ ಹಟ.

ಚೀಟಿಯ ಅಚ್ಚು ಮೂರು ತಿಂಗಳಿಗೆ ಮಾಸುತ್ತದೆ.
ಲೆಡ್ಜರಿನ ಹಿಂಬದಿಗೆ ಕನ್ನಡದಲ್ಲಿ ಇಳಿಸಿಕೊಂಡೆ:
೧೧೧೧೧೧೧೧೧೧೧೧೧೧೧೧೧೧೧
ನಾಲ್ಕನೇ ಜ್ವರಕ್ಕೆ ಕೂತ ಹುಳುಗಳ ಹಾಗೆ
ತಲೆ ಎತ್ತಿ, ಅಲುಗದೆ.
ಬಾಯಲ್ಲಿ ಹೇಳಹೋದರೆ
ಹನ್ನೊಂದು ಸಾವಿರದ ನೂರ ಹನ್ನೊಂದು ಕೋಟಿ ಕೋಟಿ, ಮೇಲೆ ಚಿಲ್ಲರೆ.
ಆ ಚಿಲ್ಲರೆಯೇ ಹನ್ನೊಂದು ಲಕ್ಷ ಕೋಟಿ.

ಜೋಡಿಗೂಡು ಗೊತ್ತಲ್ಲ,
ಎರಡು ಹುಳು ಸೇರಿ ಒಂದೇ ಮನೆ ಕಟ್ಟಿದ್ದು.
ಎಳೆಗೆ ಎಳೆ ಸಿಕ್ಕು, ಸಲೀಸಾಗಿ ಬಿಚ್ಚುವುದಿಲ್ಲ, ಬೇರೆ ಹಾಕುತ್ತಾರೆ.
ಒಂದುಗಳ ಸಾಲಿನಲ್ಲೂ ಅಂಥವೇ ಹೆಚ್ಚು.
ಮೂರು ಒಂದು ಬರೆದರೆ ಒಳಗೆ ಮೂರು, ಮೂವತ್ತೇಳು.
ಐದು ಬರೆದರೆ ನಲವತ್ತೊಂದು, ಇನ್ನೂರ ಎಪ್ಪತ್ತೊಂದು.
ಹದಿನೇಳು ಒಂದು ನುಣ್ಣಗೆ ಒಂಟಿಗೂಡಿನಂತೆಯೇ ಕಾಣುತ್ತದೆ.
ಕುದಿಸಿ ನೋಡಿ, ಇಪ್ಪತ್ತು ಲಕ್ಷದ್ದೊಂದು ಹುಳು,
ಐನೂರು ಕೋಟಿ ದಾಟಿದ್ದು ಇನ್ನೊಂದು.
ಬರೀ ಹನ್ನೊಂದನ್ನು ಬಿಟ್ಟರೆ
ಒಂಟಿ ಹುಳು ಸಿಗುವುದು ಹತ್ತೊಂಬತ್ತಕ್ಕೇ.
ಆಮೇಲೆ ಇಪ್ಪತ್ತಮೂರಕ್ಕೆ.
ಆಮೇಲೆ ಮುನ್ನೂರ ಹದಿನೇಳರ ತನಕ ಬರೀ ಜಾಲರಿ.

ಇದನ್ನೆಲ್ಲ ಹೇಳಿದ್ದು ಶಮೀಮ್‌ಬಿಯ ತಂಗಿ ಮಗಳು ತಸ್ಕೀನ್,
ಚಿಂತಾಮಣಿಯಲ್ಲಿ ಬಿಎಸ್ಸಿ.
"ಒಡೆಯಲ್ಲ ಅಂಕಲ್, ಸಾಬೀತಾಗಿ ಎಷ್ಟೋ ಕಾಲ ಆಯ್ತು.
ಕೈಯಲ್ಲೇ ನೋಡ್ತೀನಿ ಅಂದ್ರೆ
ನೂರೈದು ಕೋಟಿವರೆಗಿನ ಅವಿಭಾಜ್ಯ ಒಂದೂ ಬಿಡೋಹಾಗಿಲ್ಲ.
ವಾರಕ್ಕೊಂದು ಮಾಡಿದ್ರೆ ಹತ್ತು ಲಕ್ಷ ವರ್ಷ."
ಸರಿ ಅಂದೆ.

ವಾರದ ಲೆಕ್ಕ ಮುಚ್ಚಿದ ಮೇಲೆ
ಫ್ಯಾನಿನ ಗಾಳಿಗೆ ಹಾರದಂತೆ ಹಾಳೆಯ ಮೇಲೆ ತೂಕದ ಕಲ್ಲಿಟ್ಟು
ಒಂದನ್ನು ಹಾಕಿ ಭಾಗಿಸುತ್ತೇನೆ. ಅಷ್ಟೇ.
ವರ್ಷ ತುಂಬಿತು. ಮೊನ್ನೆ ಐವತ್ತೆರಡನೆಯದರ ಸರದಿ,
ಇನ್ನೂರ ಮೂವತ್ತೊಂಬತ್ತು.
ಏಳು ಒಂದುಗಳನ್ನು ಸೀಳಿದ ಶೂರ ಅದು,
ನನಗೂ ಒಂದು ಗಳಿಗೆ ಎದೆ ಹೊಡೆದುಕೊಂಡಿತು.

ಕಿಟಕಿಯಾಚೆ ಖಾಲಿ ಕ್ರೇಟು ಹೊತ್ತು ಹೋಗುತ್ತಿದ್ದ ಶಮೀಮ್‌ಬಿ
ಎಂದಿನಂತೆ ಕೇಳಿದಳು, "ಏನ್ ಮಿಕ್ತು?"
"ನೂರ ಹದಿನೇಳು."
"ಪರವಾಗಿಲ್ವೇ," ಅಂದಳು,
"ನನಗೆ ಈ ವಾರ ಅಷ್ಟೂ ಮಿಕ್ಕಿಲ್ಲ."