ಮಾರಾಟಕ್ಕಲ್ಲ

ಏಳನೆಯ ಪಾಠ: ಮಾನವೀಯ ನೆರವು.
ಪುಸ್ತಕ ಒಂಬತ್ತು, ಮಕ್ಕಳು ನೂರ ಹದಿನಾಲ್ಕು.
ಮೊದಲು ಬಂದವರು ತಗಡಿನ ಕೆಳಗೆ,
ತಡವಾದವರು ಬೇವಿನ ಮರದಡಿ, ಕಿಟಕಿಯಿಂದ ಇಣುಕುತ್ತ.
ನನ್ನ ಸೀಮೆಸುಣ್ಣ ಕಿರುಬೆರಳಿಗಿಂತ ಗಿಡ್ಡ.

ಚಿತ್ರದ ಹುಡುಗಿ ಬಟ್ಟಲು ಹಿಡಿದು ನಗುತ್ತಾಳೆ.
ಕೆಳಗೆ ಬಿಟ್ಟ ಸ್ಥಳ, ತುಂಬಿರಿ:
ಡೊನೇಟ್, ರಿಲೀಫ್, ಶೆಲ್ಟರ್.
ಹೊಸ ಪದಗಳು ಎನ್ನುತ್ತದೆ ಪುಸ್ತಕ.
ಹೊಸವೇ?
ಸುಡಾನಿನಿಂದ ನಡೆದು ಬಂದ ಈ ಮಕ್ಕಳು
ಅಕ್ಷರ ಕೂಡಿಸಿದ್ದೇ ಜೋಳದ ಚೀಲದ ಮೇಲೆ,
ಎಣ್ಣೆ ಡಬ್ಬದ ಮೇಲೆ, ಸೋರುವ ಟಾರ್ಪಾಲಿನ ಒಳಮೈ ಮೇಲೆ
ಮಲಗಿಕೊಂಡು, ಮೇಲಿಂದ ಕೆಳಕ್ಕೆ.
ಜಾಡಾನ ಜೊತೆ ಬರುವ ತಮ್ಮನ ಚಡ್ಡಿಯ ಹಿಂದೆ
‘ನಾಟ್ ಫಾರ್ ಸೇಲ್’
ಕೂತರೆ ಮಡಚಿಕೊಳ್ಳುತ್ತದೆ,
ನಿಂತರೆ ಬಿಚ್ಚಿಕೊಳ್ಳುತ್ತದೆ.

ವ್ಯಾಕರಣ: ಕರ್ಮಣಿ ಪ್ರಯೋಗ.
ಹಲಗೆಯ ಮೇಲೆ ಬರೆದೆ:
ಆಹಾರ ಹಂಚಲ್ಪಟ್ಟಿತು.
ಮನೆಗಳು ಸುಡಲ್ಪಟ್ಟವು.
ಯಾರಿಂದ? ಎಂದಿತು ಹಿಂದಿನ ಬೆಂಚು.
ಯಾರಿಂದ ಅನ್ನದಿದ್ದರೂ ವಾಕ್ಯ ಪೂರ್ಣ, ಎಂದೆ.
ಗೊಳ್ಳೆಂದು ನಕ್ಕರು. ಬೇವಿನಡಿಯವರಿಗೆ
ನಗು ತುಸು ತಡವಾಗಿ ತಲುಪಿತು.
ಕಿಡೆನ್ ಮಾತ್ರ ನಗಲಿಲ್ಲ, ಬರೆದುಕೊಂಡಳು.

ಮನೆಗೆಲಸ: ದಾನಿಗೊಂದು ಪತ್ರ.
ನೂರು ಪದ ಮೀರದಂತೆ.
ಪ್ಲೀಸ್ ಎರಡು ಸಲ, ಥ್ಯಾಂಕ್ಯೂ ಮೂರು ಸಲ.

ರಾತ್ರಿ ಸೋಲಾರ್ ದೀಪ ಕಂದುವ ತನಕ ತಿದ್ದಿದೆ.
ನೂರ ಹದಿಮೂರು ಕೈ, ಒಂದೇ ಪತ್ರ.
ಆಮೇಲೆ ಕಿಡೆನ್:

‘ಪ್ರಿಯ ದಾನಿಯವರೇ,
ನೀವು ಕಳಿಸಿದ ಕಾಳು ಬೇಯಲು ನಾಲ್ಕು ಗಂಟೆ ಬೇಕು.
ನೀವು ಬೇಯಿಸಿ ನೋಡಿದ್ದೀರಾ?
ಸೌದೆಗೆ ಹೋದರೆ ಈ ಊರಿನ ಹೆಂಗಸರು ಅಟ್ಟಿಸಿಕೊಂಡು ಬರುತ್ತಾರೆ.
ಅವರದೇನೂ ತಪ್ಪಿಲ್ಲ, ಮರ ಅವರದು.
ಮುಂದಿನ ಸಲ ಕಾಳಿಗೆ ಮುಂಚೆ
ಒಂದು ಪ್ರಶ್ನೆ ಕಳಿಸಿ.
ಉತ್ತರ ನಮ್ಮಲ್ಲಿ ದಾಸ್ತಾನಿದೆ.
ಇಲ್ಲಿ ಮಳೆ ಪರವಾಗಿಲ್ಲ. ನಿಮ್ಮಲ್ಲಿ?
ಏನಾದರೂ ಬೇಕಿದ್ದರೆ ಬರೆಯಿರಿ.’

ಕೆಂಪು ಪೆನ್ನು ಹಿಡಿದೇ ಕೂತೆ.
ಆರ್ಟಿಕಲ್ ಒಂದು ಬಿಟ್ಟುಹೋಗಿದೆ.
ಪ್ಲೀಸ್ ಇಲ್ಲವೇ ಇಲ್ಲ.
ಅರುವಾದಿಂದ ಗುರುವಾರ ಇನ್‌ಸ್ಪೆಕ್ಟರು ಬರುವವರು.

ಎಂಬತ್ತೆರಡರಲ್ಲಿ, ಈ ನೆಲಕ್ಕೇ ಬೆಂಕಿ ಬಿದ್ದಾಗ,
ನನ್ನ ತಾಯಿ ನನ್ನನ್ನು ಹೊಟ್ಟೆಯಲ್ಲಿಟ್ಟುಕೊಂಡು
ಗಡಿ ದಾಟಿದ್ದಳು, ಆ ಕಡೆಗೆ,
ಕಿಡೆನ್‌ಳ ಅಜ್ಜಂದಿರ ಸೀಮೆಗೆ.
ಅಲ್ಲೊಬ್ಬಳು, ಬೈದುಕೊಂಡೇ,
ಒಂದು ಹೊರೆ ಮರಗೆಣಸಿನ ಕಡ್ಡಿ ಮುರಿದುಕೊಟ್ಟು
ನೆಡಲು ಮೂಲೆಯ ನೆಲ ತೋರಿಸಿದಳಂತೆ.
ಅವಳ ಹೆಸರನ್ನು ಅಮ್ಮ ಅದೆಷ್ಟು ಸಲ ಹೇಳಿದ್ದಳು,
ನಾನು ಹೂಂಗುಟ್ಟುತ್ತ ಕ್ರಿಯಾಪದ ಉರು ಹೊಡೆಯುತ್ತಿದ್ದೆ.
ಈಗ ಕೇಳಲು ಅಮ್ಮನಿಲ್ಲ.
ಕಡ್ಡಿ ಕೊಡಲ್ಪಟ್ಟಿತು.
ವಾಕ್ಯ ಪೂರ್ಣ.

ಹತ್ತಕ್ಕೆ ಒಂಬತ್ತು ಬರೆದೆ. ಒಂದನ್ನು
ಯಾಕೆ ಹಿಡಿದುಕೊಂಡೆನೋ, ಆರ್ಟಿಕಲ್ ಅಷ್ಟು ತೂಗುವುದಿಲ್ಲ.

ಬೆಳಿಗ್ಗೆ ಅಂಕ ನೋಡದೆಯೇ ಎದ್ದು ನಿಂತಳು:
‘ಒಂಜಿಮಾ ಸರ್, ಇದನ್ನು ಯಾವ ವಿಳಾಸಕ್ಕೆ ಹಾಕುತ್ತೀರಿ?’
ಇದು ಅಭ್ಯಾಸಕ್ಕಷ್ಟೇ, ಅನ್ನಬೇಕಿತ್ತು.
ಪುಸ್ತಕ ಮಗುಚಿದೆ. ಅದರಲ್ಲಿರಲಿಲ್ಲ.
ಅಷ್ಟರಲ್ಲಿ ಯಾರೋ ಕಿಟಕಿಗೆ ಕಟ್ಟಿದ ಚೀಲ ಬಿಚ್ಚಿದರು,
ಯಾರೋ ಪುಸ್ತಕ ಸುತ್ತಿ ತಂದ ಚೀಲ ಕೊಡವಿದರು,
ಬೇವಿನಡಿಯವರು ಕೂತ ಚೀಲದಿಂದ ಎದ್ದರು,
ಹುಡುಕತೊಡಗಿದರು.
ಬಾವುಟ ಇತ್ತು. ವರ್ಷ ಇತ್ತು. ಐವತ್ತು ಕಿಲೋ ಎಂದಿತ್ತು.
ಕೊನೆಗೆ ಜಾಡಾನ ತಮ್ಮನನ್ನು ಬೆಂಚಿನ ಮೇಲೇರಿಸಿ
ಹಿಂದಕ್ಕೆ ತಿರುಗಿಸಿ ನಿಲ್ಲಿಸಿದರು;
ಹೊಲಿಗೆಯೊಳಗೆ ಸಿಕ್ಕಿಕೊಂಡಿದ್ದ ಇನ್ನೊಂದು ಸಾಲನ್ನು
ಕಿಡೆನ್ ಬೆರಳಿಟ್ಟು ಬಿಡಿಸಿ
ಗಟ್ಟಿಯಾಗಿ ಓದಿದಳು:
ಕೊಕ್ಕೆ ಹಾಕಿ ಎತ್ತಬೇಡಿ.