ಇಪ್ಪತ್ತೊಂದನೆಯ ಮಾದರಿ

ಕಂಪಾಲಾದ ಗುಡ್ಡಗಳನ್ನೆಲ್ಲ ತೊಳೆದ ನೀರು
ಇಳಿದಿಳಿದು ಇಲ್ಲಿಗೇ ಬರಬೇಕು.
ಗ್ಯಾರೇಜಿನ ಎಣ್ಣೆ, ಕಸಾಯಿಖಾನೆಯ ಕೆಂಪು,
ಮದುವೆಮನೆಯ ಗಂಜಿ, ಬ್ಯಾಟರಿ ಅಂಗಡಿಯ ಉಗುಳು
ಬೆರೆತು ಒಂದೇ ಬಣ್ಣವಾಗಿ
ಸಿಮೆಂಟು ಕಾಲುವೆ ಮುಗಿಯುವ ಕಡೆ
ಪಪೈರಸ್ ಜೊಂಡಿನ ಬುಡದಲ್ಲಿ ಕೂತು ದಣಿವಾರಿಸಿಕೊಳ್ಳುತ್ತದೆ.
ಆಚೆಗೆ ಸರೋವರ.
ನಡುವೆ ನಲ್ವೋಗಾಳ ಕೆಸು.

ಮಂಗಳವಾರ ಮಂಗಳವಾರ ಬರುತ್ತೇನೆ
ಮೊಣಕಾಲುದ್ದದ ಬೂಟು, ಕತ್ತರಿ, ಕಾಗದದ ಇಪ್ಪತ್ತು ಚೀಲ.
ಶಾಯಿ ಈ ಕೆಸರಲ್ಲಿ ನಿಲ್ಲುವುದಿಲ್ಲವೆಂದು
ಸೀಸದ ಕಡ್ಡಿಯಲ್ಲಿ ಬರೆಯುತ್ತೇನೆ
(ಹೆಸರಿಗಷ್ಟೇ ಸೀಸ, ಒಳಗಿರುವುದು ಬರೀ ಕರಿ):
ಸಾಲು ಯಾವುದು, ಪೈಪಿನಿಂದ ಎಷ್ಟು ಹೆಜ್ಜೆ,
ಎಲೆ ಎಳೆಯದೋ ಬಲಿತದ್ದೋ.

"ಎರಡೆಲೆ ಕೊಯ್ಯಲು ಇಷ್ಟು ಬರವಣಿಗೆಯೇ, ಬಿರಬ್ವಾ?
ಮೂವತ್ತು ವರ್ಷ ಕೊಯ್ದೆ ನಾನು, ಒಂದಕ್ಷರ ಬರೆದವಳಲ್ಲ,"
ನಲ್ವೋಗಾ ಎಡಗೈಯಲ್ಲಿ ಬಾಳೆನಾರು ಸುತ್ತಿ
ಕಟ್ಟಿಗೊಂದು ತಿರುಚು ಗಂಟು ಹಾಕುತ್ತಾಳೆ.
ಬೋಳುತಲೆಯ ಮರಬೂ ಕೊಕ್ಕರೆ
ಕಂದಾಯದ ಗುಮಾಸ್ತನಂತೆ ನಿಂತು ನೋಡುತ್ತದೆ.
ಮಧ್ಯಾಹ್ನ ಅವಳ ಒಲೆಯ ಮುಂದೆ ನನಗೂ ತಟ್ಟೆ:
ಕೆಸುವಿನ ಸೊಪ್ಪು, ಕಡಲೆಕಾಯಿ ಗೊಜ್ಜು.
ಕೈ ತೊಳೆದೆ. ತಿಂದೆ.
ಏಳು ತಿಂಗಳು ತಿಂದೆ.

ಲ್ಯಾಬಿನಲ್ಲಿ ಸೆಕಿಟ್ಟೊ ಎಲೆ ಒಣಗಿಸಿ, ಅರೆದು,
ಆಮ್ಲದಲ್ಲಿ ಕರಗಿಸಿ ಗಾಜಿನ ಕೊಳವೆಗೆ ಇಳಿಸುತ್ತಾನೆ.
ಹಸಿರಿಲ್ಲ, ತುರಿಕೆಯಿಲ್ಲ,
ಕೆಸುವೆಂದು ಹೇಳಲು ಏನೂ ಉಳಿದಿಲ್ಲ.
ಎರಡು ಸಲ ಕರೆಂಟು ಹೋಗಿ ಮೂರನೆಯ ಸಲ ಅಂಕಿ ಬಂತು.
ಕಬ್ಬಿಣ ಧಾರಾಳ. ಸುಣ್ಣ ಧಾರಾಳ.
"ಬಸುರಿಯರಿಗೆ ಹೇಳಿ ಮಾಡಿಸಿದ ಸೊಪ್ಪು," ಎಂದ.
ಆಮೇಲೆ ಮುಂದಿನ ಕಂಬಸಾಲಿಗೆ ಬೆರಳಿಟ್ಟು ಸುಮ್ಮನಾದ.

ಸೀಸಕ್ಕೆ ತನ್ನದೇ ಬಾಗಿಲಿಲ್ಲ.
ಸುಣ್ಣದ ಹಿಂದೆ, ಸುಣ್ಣದ ಸೋಗಿನಲ್ಲಿ ನುಸುಳುತ್ತದೆ.
ಬೇರು ಗುರುತು ಕೇಳುವುದಿಲ್ಲ.
ಮಕ್ಕಳ ಎಲುಬೂ ಕೇಳುವುದಿಲ್ಲ.

ಚರಂಡಿಯ ಲೆಕ್ಕದಲ್ಲಿ ಈ ಕೆಸು ಮೊದಲ ದರ್ಜೆ ಪಾಸು,
ಸರೋವರಕ್ಕೆ ಹೋಗಬೇಕಾದ್ದನ್ನು ತಾನೇ ನುಂಗಿ ನಿಂತಿದೆ.
ಕಿತ್ತೆಸೆಯಿರಿ ಎಂದರೆ ಅದೇ ಸೀಸ ಮೀನಾಗಿ ಪೇಟೆಗೆ ಬರುತ್ತದೆ.
ಬಿಡಿ ಎಂದರೆ ತಟ್ಟೆ.
ವರದಿಯ ಕೊನೆಯ ಪುಟ ಎರಡು ವಾರ ಖಾಲಿಯಿತ್ತು.

ಹೇಳಲೇಬೇಕಿತ್ತು, ಹೇಳಿದೆ. ಗಂಟಲು ಕೆರೆಯಿತು,
ಸರಿಯಾಗಿ ಬೇಯದ ಕೆಸು ತಿಂದ ಹಾಗೆ.
ಅವಳು ಮಾತಾಡದೆ ಹುತ್ತದ ಹಿಂದಕ್ಕೆ ಕರೆದೊಯ್ದಳು.
ಗುಡ್ಡದ ಒರತೆ ಜಿನುಗುವಲ್ಲಿ ಚಿಕ್ಕದೊಂದು ಮಡಿ,
ಎಲೆತುಂಬ ಬಸವನಹುಳು ಕೊರೆದ ತೂತು.
"ಇದು ಮನೆಗೆ. ಹುಳು ತಿಂದದ್ದನ್ನೇ ನಾನೂ ತಿನ್ನುವುದು.
ಪೈಪಿನ ಬದಿಯದನ್ನು ಹುಳು ಮೂಸುವುದೂ ಇಲ್ಲ.
ನಿನ್ನ ತಟ್ಟೆಗೂ ಇದೇ ಬಡಿಸಿದ್ದು, ಹೆದರಬೇಡ."
ಉಳಿದದ್ದು?
"ಉಳಿದದ್ದು ಪೇಟೆಯಿಂದ ಬಂದದ್ದು. ಪೇಟೆಗೇ ಹೋಗುತ್ತದೆ."
ಹೇಳುವಾಗ ಅವಳ ದನಿಯಲ್ಲಿ ಸಿಟ್ಟಿರಲಿಲ್ಲ.
ಮೊಮ್ಮಗನ ಶಾಲೆಯ ಫೀಸು ಎಷ್ಟೆಂದೂ ಹೇಳಿದಳು.
ಆ ಅಂಕಿಯನ್ನು ನಾನು ಬರೆದುಕೊಳ್ಳಲಿಲ್ಲ.

ಸಂಜೆ ನಮ್ಮ ಗುಡ್ಡ ಹತ್ತಿ ಮನೆಗೆ ಬಂದರೆ
ಅಮ್ಮ ಸೊಪ್ಪು ಸೋಸುತ್ತಿದ್ದಳು.
"ಅಗ್ಗಕ್ಕೆ ಸಿಕ್ಕಿತು, ಒಂದು ತೂತಿಲ್ಲ ನೋಡು!"
ಚಾಪೆಯ ಮೇಲೆ ಬಿಚ್ಚಿ ಬಿದ್ದ ಬಾಳೆನಾರು,
ಅದರಲ್ಲಿನ್ನೂ ಅರ್ಧ ಉಳಿದ
ಎಡಗೈಯ ತಿರುಚು ಗಂಟು.

ಚೀಲದಲ್ಲಿ ಕಾಗದ ಮಿಕ್ಕಿತ್ತು.
ಒಂದೆಲೆ ಮಡಚಿಟ್ಟು, ಅಮ್ಮ ನೋಡುತ್ತಿರುವಂತೆಯೇ
ಸೀಸದ ಕಡ್ಡಿಯಲ್ಲಿ ಬರೆದೆ:
ಇಪ್ಪತ್ತೊಂದು. ಬಲಿತ ಎಲೆ. ಸಾಲು ತಿಳಿಯದು.
ಒಲೆಯಿಂದ ನಾಲ್ಕು ಹೆಜ್ಜೆ.