ನಾಲ್ಕು ಸೆಕೆಂಡು

ಚಿಯಾತುರಾದಲ್ಲಿ ಹೊಳೆಯೂ ಕಪ್ಪು,
ಅದಿರು ತೊಳೆದ ನೀರು ಕುಡಿದು ಕುಡಿದು.
ಬಣ್ಣದ ಫಿಲ್ಮು ಯಾಕೆ ಹಾಕುವುದಿಲ್ಲ ಎಂದು ಕೇಳಿದವರಿಗೆ
ಕಿಟಕಿ ತೆರೆದು ತೋರಿಸುತ್ತೇನೆ, ಅಷ್ಟೆ.

ಕ್ಯಾಮೆರಾ ಅಪ್ಪನದು.
ಖಾರ್ಕಿವ್‌ನ ಮರ, ಹಿತ್ತಾಳೆ ತಿರುಪು,
ನಡುವೆ ಕಮ್ಮಾರನ ಕುಲುಮೆಯದರಂತೆ ಮಡಿಕೆ ಮಡಿಕೆಯ ತಿದಿ.
ಷಟರೆಂಬುದಿಲ್ಲ. ಮುಚ್ಚಳ ತೆಗೆ, ಎಣಿಸು, ಮುಚ್ಚು.
ಎರ್ತಿ, ಒರಿ, ಸಾಮಿ, ಒತ್ಖಿ:
ಅಪ್ಪ ಕಲಿಸಿದ ಗಣಿತವೆಲ್ಲ ನಾಲ್ಕಕ್ಕೇ ಮುಗಿಯುತ್ತದೆ.

ಮಾರ್ಚಿಯ ಒಂದು ಬೆಳಿಗ್ಗೆ ಸೆವೆರಿಯಾನ್ ಬಂದ,
ಭಾವನ ಕೋಟು ತೊಟ್ಟು, ಬೆನ್ನಿಗೆ ಪಿನ್ನು ಚುಚ್ಚಿ.
ಕಾಲರಿನೊಳಗೆ ಕತ್ತು, ಗಂಟೆಯೊಳಗಿನ ನಾಲಗೆಯ ಹಾಗೆ.
"ಕಲ್ಲಿಗೆ ಬೇಕು, ತ್ಸಿಯಾಲಾ.
ನಾನು ಸತ್ತ ಮೇಲೆ ಲಾಮಾರಾ ಪಾಸ್‌ಪೋರ್ಟಿನದು ಕೊಟ್ಟುಬಿಡುತ್ತಾಳೆ,
ಅದರಲ್ಲಿ ನಾನು ಕುರಿಗಳ್ಳ."
ನಮ್ಮಲ್ಲಿ ಗೋರಿಗೂ ಮುಖ ಬೇಕು.
ಜುಂಬೆರ್ ಕರಿಗಲ್ಲಿನ ಮೇಲೆ ಸೂಜಿಮೊನೆಯಿಂದ
ಚುಕ್ಕೆ ಚುಕ್ಕೆ ಕುಟ್ಟಿ ಮನುಷ್ಯನನ್ನು ಎಬ್ಬಿಸುತ್ತಾನೆ.

ಮುಸುಕು ಹೊದ್ದು ಒಳಗೆ ಹೋದೆ.
ಮಸುಕು ಗಾಜಿನ ಮೇಲೆ ಅವನು ತಲೆಕೆಳಗು:
ಬೂಟು ಮೇಲೆ, ಮೀಸೆ ಕೆಳಗೆ,
ಚಾವಣಿಯ ತೇವದ ಕಲೆ ತಲೆಯಡಿಗೆ ದಿಂಬು.
ಭೂತಗನ್ನಡಿ ಒತ್ತಿ ಎಡಗಣ್ಣಿನ ರೆಪ್ಪೆ ಹುಡುಕಿದೆ.
ಸಿಕ್ಕಿತು. ಒದ್ದೆಯಾಗಿತ್ತು.

"ತಿದಿಗೆ ತೂತು ಬಿದ್ದಿದೆಯಾ?" ಹೊರಗಿನಿಂದ ಕೇಳಿದ.
"ಮೂರು. ಕರಿ ಟೇಪು ಹಚ್ಚಿದ್ದೇನೆ."
"ಪುಣ್ಯವಂತ ತಿದಿ. ನನ್ನದಕ್ಕೆ ಟೇಪು ಹತ್ತುವುದಿಲ್ಲ."

ಉಳಿದದ್ದು ನಾಲ್ಕೇ ಹಾಳೆ, ಎಲ್ಲ ಅವಧಿ ಮೀರಿದವು.
ಮೊದಲನೆಯದು ಒರಿಗೆ ಕೆಮ್ಮಿತು.
ಎರಡನೆಯದು ಸಾಮಿಯವರೆಗೆ ಬಂತು.
ಮೂರನೆಯದಕ್ಕೆ ಅವನು ಉಸಿರು ಕಟ್ಟಿದ,
ಹಣೆಯ ನರ ಹಗ್ಗವಾಯಿತು,
ಒತ್ಖಿ ಎಂದೆ, ಮುಚ್ಚಿದೆ.
ಸಿಕ್ಕ. ಆದರೆ ಸಿಕ್ಕವನು ಬೇರೆ ಯಾರೋ,
ಬೆನ್ನ ಮೇಲೆ ಬೀರು ಹೊತ್ತು
ಮೆಟ್ಟಿಲ ನಡುವೆ ನಿಂತುಬಿಟ್ಟವನು.

ನಾಲ್ಕನೆಯದಕ್ಕೆ, "ಸುಮ್ಮನೆ ಉಸಿರಾಡು,
ಏನಾದರೂ ಹೇಳು" ಎಂದೆ.
ಹೇಳಿದ:
ಕರೆಂಟು ಹೋಗಿ, ಕೇಬಲ್ಲಿನ ತಗಡು ಡಬ್ಬಿ
ಹೊಳೆಯ ಮೇಲೆ ಏಳು ತಾಸು ತೂಗಿದ ರಾತ್ರಿ;
ಒಳಗೆ ಅವನು, ಒಬ್ಬಳು ಹುಡುಗಿ,
ಅವಳ ಕಂಕುಳಲ್ಲಿ ಬಾತುಕೋಳಿ.
"ಮೊದಲು ಬಾತುಕೋಳಿಯನ್ನೇ ಮಾತಾಡಿಸಿದೆ..."
ಆ ಮಾತಿನ ನಡುವೆ ಎಲ್ಲೋ ಮುಚ್ಚಳ ತೆಗೆದಿದ್ದೆ.
ಎಣಿಸಲು ಮರೆತೆ.

ರಾತ್ರಿ ಬಚ್ಚಲಲ್ಲಿ ಕೆಂಪು ದೀಪ ಹಚ್ಚಿ
ತಟ್ಟೆ ಅಲುಗಿಸುತ್ತ ಕೂತೆ.
ಬೆರಳ ಸಂದಿಯಲ್ಲಿ ಮೂವತ್ತು ವರ್ಷ ಕೂತ ಅದಿರು
ನೆಗೆಟಿವಿನಲ್ಲಿ ಹಿಟ್ಟಿನಷ್ಟು ಬಿಳಿ.
ಪ್ರಿಂಟು ಹಾಕುವ ತನಕ ಅವನು ರೊಟ್ಟಿ ಸುಡುವವನು.
ಕುರ್ಚಿ ಸ್ಪಷ್ಟ, ಬೂಟಿನ ದಾರ ಸ್ಪಷ್ಟ,
ಮೊಣಕಾಲ ಮೇಲಿಟ್ಟ ಎರಡೂ ಕೈ ಸ್ಪಷ್ಟ.
ಎದೆ ಇರಬೇಕಾದಲ್ಲಿ ಹಬೆ,
ಬಾಯಿ ಇರಬೇಕಾದಲ್ಲಿ
ಯಾರೋ ಹೆಬ್ಬೆರಳಿನಿಂದ ಉಜ್ಜಿದ ಗುರುತು.

ಜುಂಬೆರ್ ಬೆಳಕಿಗೆ ಹಿಡಿದು ನೋಡಿ ವಾಪಸು ಕೊಟ್ಟ:
"ಬಾಯೆಲ್ಲಿ? ಹಬೆ ಕೆತ್ತಲು ನನಗೆ ಬರುವುದಿಲ್ಲ."

ಹಾಗಾಗಿ ಗುಡ್ಡದ ಮೇಲೆ ಕಲ್ಲಿನಲ್ಲಿರುವುದು ಮೂರನೆಯದು.
ಬೀರು ಇಳಿಸಲು ಯಾರೂ ಬಂದಿಲ್ಲ ಇನ್ನೂ.

ನಾಲ್ಕನೆಯದು ಲಾಮಾರಾಳ ಅಡುಗೆಮನೆಯಲ್ಲಿ,
ಉಪ್ಪಿನ ಡಬ್ಬಿಗೆ ಒರಗಿಸಿಟ್ಟಿದ್ದಾಳೆ.
ಮೊನ್ನೆ ಚಹಾಕ್ಕೆ ಹೋಗಿದ್ದೆ.
ಆ ಅಳಿಸಿದ ಬಾಯಿಯನ್ನೇ ನೋಡುತ್ತ
ಸಕ್ಕರೆ ಕಲಕುತ್ತಿದ್ದವಳು ಥಟ್ಟನೆ ರೇಗಿದಳು:
"ಏಳು ತಾಸಂತೆ! ಮೂರೂ ಆಗಿರಲಿಲ್ಲ.
ಮತ್ತೆ ಅದು ಬಾತುಕೋಳಿಯಲ್ಲ, ಟರ್ಕಿ ಕೋಳಿ."